‘ನಮ್ಮ ಕಡಿ ನೋಡ್ಲಾಕ ಏನದ?’

ಲಾಂಗ್ ವೀಕೆಂಡ್ ಹತ್ತಿರ ಬಂದ್ರೆ ಸಾಕು, ಆಫೀಸಿನ ಊಟದ ಟೇಬಲ್‌ನಲ್ಲಿ ಅದೇ ಮಾತು. ಒಬ್ಬಳು ಚಿಕ್ಕಮಗಳೂರು ಅಂತಾಳೆ, ಇನ್ನೊಬ್ಬ ಗೋಕರ್ಣ ಅಂತಾನೆ. ‘ನಿಮ್ಮ ಕಡೆ ಏನಿದೆ ಗುರು?’ ಅಂತ ನನ್ನತ್ತ ತಿರುಗಿದಾಗ ಏಳು ವರ್ಷದಿಂದ ನನ್ನದು ಒಂದೇ ಉತ್ತರ: ‘ಬಿಸಿಲಿದೆ, ತೊಗರಿ ಇದೆ. ನೋಡೋಕೆ ಏನೂ ಇಲ್ಲ.’ ಎಲ್ಲರೂ ನಗ್ತಾರೆ. ನಾನೂ ನಗ್ತೀನಿ.

ನನ್ನದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಅಕ್ಕನನ್ನು ಕೊಟ್ಟಿರೋದು ಜೇವರ್ಗಿಗೆ. ಕಳೆದ ದೀಪಾವಳಿಗೆ ಅಕ್ಕ ತವರಿಗೆ ಬಂದಿದ್ದಳು. ಎಂಟನೇ ಕ್ಲಾಸಿನ ಅವಳ ಮಗಳು ರೊಟ್ಟಿ ಮುರೀತಾ ಕೇಳಿದಳು: ‘ಮಾಮಾ, ಅಶೋಕನ ಚಿತ್ರ ನಮ್ಮ ಜಿಲ್ಲಾದಾಗೇ ಸಿಕ್ಕದಂತ. ನೀ ನೋಡಿಯೇನು?’

ನೋಡಿರಲಿಲ್ಲ. ಹಂಪಿಗೆ ನಾಲ್ಕು ಸಲ ಹೋಗಿದ್ದೀನಿ, ತಾಜ್‌ಮಹಲ್ ಮುಂದೆ ಫೋಟೊ ತೆಗೆಸ್ಕೊಂಡಿದ್ದೀನಿ. ಮನೆಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸನ್ನತಿಗೆ ಹೋಗಿರಲಿಲ್ಲ. ಹೇಗೂ ಅಕ್ಕನನ್ನು ಜೇವರ್ಗಿಗೆ ಬಿಟ್ಟು ಬರಬೇಕಿತ್ತು. ಕಾಕಾನ ಹತ್ತಿರ ಗಾಡಿ ಕೀಲಿ ಇಸ್ಕೊಂಡೆ.

ನದಿಯ ಬೆನ್ನು ಹತ್ತಿ

ಅಮರ್ಜಾ ನಮ್ಮ ಆಳಂದ ಸೀಮೆಯ ನದಿ. ಕೋರಳ್ಳಿ ಹತ್ತಿರ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಮುಂದೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅದು ಭೀಮೆಯನ್ನು ಸೇರುತ್ತೆ. ಭೀಮೆ ಜೇವರ್ಗಿ ಸೀಮೆಯನ್ನು ಹಾದು, ಸನ್ನತಿ ಮುಂದೆ ಹರಿದು, ಕೊನೆಗೆ ಕೃಷ್ಣೆಯಲ್ಲಿ ಕೂಡುತ್ತೆ. ಅಂದ್ರೆ ಮೂರು ತಾಲ್ಲೂಕು ದಾಟಿ ಅಶೋಕನ ತನಕ ಹೋಗೋ ದಾರಿಯನ್ನು ನೀರೇ ತೋರಿಸುತ್ತೆ.

ಆಳಂದದಲ್ಲಿ ಲಾಡ್ಲೆ ಮಶಾಕ ದರ್ಗಾ ಇದೆ. ಅವ್ವ ಅಲ್ಲಿ ಸಕ್ಕರೆ ಓದಿಸ್ತಾಳೆ, ಮನೆಯಲ್ಲಿ ಶ್ರಾವಣ ಸೋಮವಾರ ಒಪ್ಪತ್ತೂ ಮಾಡ್ತಾಳೆ. ಎರಡಕ್ಕೂ ಜಗಳ ಇದೆ ಅಂತ ಅವಳಿಗೆ ಯಾವತ್ತೂ ಅನ್ನಿಸಿಲ್ಲ. ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗೆ ಮಹಾರಾಷ್ಟ್ರದಿಂದ ಬಂದವರ ಸಾಲು ಬೀದಿವರೆಗೂ ನಿಂತಿತ್ತು. ದರ್ಶನ ಮುಗಿಸಿ ಸಂಗಮಕ್ಕೆ ಹೋಗಿ ಕಾಲು ತೊಳ್ಕೊಂಡ್ವಿ. ‘ನಮ್ಮೂರ ನೀರು ಇಲ್ಲೀತನ ಬಂದದ’ ಅಂತ ಅಕ್ಕ ಅಂದಳು. ಇಷ್ಟು ವರ್ಷ ಆ ಸಂಗಮಕ್ಕೆ ಹೋದರೂ ಅದು ನನಗೆ ಹೊಳೆದಿರಲಿಲ್ಲ.

ಜೇವರ್ಗಿಯಲ್ಲಿ ಇರೋದು ಷಣ್ಮುಖ ಶಿವಯೋಗಿಗಳ ಮಠ. ಬಸವಣ್ಣನವರ ಕಾಲಕ್ಕೇ ವಚನ ಮುಗಿದುಹೋಯ್ತು ಅಂತ ನಾವು ಎಷ್ಟೋ ಜನ ತಿಳ್ಕೊಂಡಿರ್ತೀವಿ. ಇವರು 17ನೇ ಶತಮಾನದಲ್ಲಿ ‘ಅಖಂಡೇಶ್ವರ’ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದವರು. ಅಕ್ಕನ ಮನೆಗೆ ಹೋದಾಗೆಲ್ಲ ಆ ದಾರಿಯಲ್ಲೇ ಹಾಲು ತರೋಕೆ ಹೋಗ್ತಿದ್ದೆ.

ಪೀಠದ ಕೆಳಗಿನ ರಾಜ

ಮರುದಿನ ಬೆಳಿಗ್ಗೆ ಬುತ್ತಿ ಕಟ್ಕೊಂಡು ಸೊಸೆಯನ್ನು ಕರ್ಕೊಂಡು ಭೀಮೆ ದಾಟಿದೆ. ಸನ್ನತಿ ಇರೋದು ಆಚೆ ದಂಡೆಯಲ್ಲಿ, ಚಿತ್ತಾಪುರ ತಾಲ್ಲೂಕಿನಲ್ಲಿ. ಎಷ್ಟೋ ಮನೆಗಳ ಕುಲದೇವತೆ ಚಂದ್ರಲಾಂಬೆಯ ಗುಡಿ ಅಲ್ಲಿದೆ.

1986ರಲ್ಲಿ ಈ ಗುಡಿಯ ಆವರಣದ ಕಾಳಿ ದೇಗುಲದ ಮಾಳಿಗೆ ಕುಸಿದುಬಿತ್ತು. ಕಲ್ಲುಗಳನ್ನು ಸರಿಸಿದಾಗ ಕಂಡದ್ದು ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೇವಿಯ ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಚಪ್ಪಡಿಯೇ ಅದು. ಮೂರ್ತಿ ಕೂರಿಸೋಕೆ ಅದರ ನಡುವೆ ಗೂಡು ಕೊರೆದಿದ್ದಾರೆ, ಅಷ್ಟು ಅಕ್ಷರ ಹೋಗಿವೆ.

ಉಳಿದ ಅಕ್ಷರಗಳೇ ದೊಡ್ಡ ಆಸ್ತಿ. ಅಶೋಕನ 12 ಮತ್ತು 14ನೇ ಬಂಡೆ ಶಾಸನಗಳ ಜೊತೆ ಎರಡು ‘ಪ್ರತ್ಯೇಕ ಶಾಸನ’ಗಳೂ ಇದರಲ್ಲಿವೆ. ಈ ಪ್ರತ್ಯೇಕ ಶಾಸನಗಳು ಬೇರೆ ಕಡೆ ಸಿಕ್ಕಿರೋದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಪ್ರಜೆಗಳೆಲ್ಲ ನನ್ನ ಮಕ್ಕಳು, ಅಧಿಕಾರಿಗಳು ಯಾರಿಗೂ ಅನ್ಯಾಯ ಮಾಡಬಾರದು ಅನ್ನೋದು ಅವುಗಳ ಸಾರ. 12ನೇ ಶಾಸನ ಹೇಳೋದು ಇನ್ನೂ ಹತ್ತಿರದ ಮಾತು: ತನ್ನ ಪಂಥವನ್ನು ಹೊಗಳಿ ಬೇರೆಯವರದನ್ನು ಹೀಗಳೆದರೆ ಕೆಡೋದು ತನ್ನ ಪಂಥವೇ. ದರ್ಗಾದಲ್ಲಿ ಸಕ್ಕರೆ ಓದಿಸೋ ಅವ್ವ ನೆನಪಾದಳು. ಅವಳು ಶಾಸನ ಓದಿದವಳಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಕನಗನಹಳ್ಳಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದು ಸಿಕ್ತು. ಜಾತಕ ಕಥೆಗಳು, ಹೆಸರಿನ ಸಮೇತ ಶಾತವಾಹನ ದೊರೆಗಳು, ಎಲ್ಲವನ್ನೂ ಕೆತ್ತಿದ ಸುಣ್ಣಕಲ್ಲಿನ ಫಲಕಗಳು. ಕಲ್ಲು ನಮ್ಮ ಸೀಮೆಯದೇ. ನಮ್ಮ ಮನೆಗಳಿಗೆ ಹಾಸೋ ಶಹಾಬಾದ್ ಫರಸಿಯ ಬಳಗ. ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಛತ್ರ ಚಾಮರ ಹಿಡಿದವರು. ಮೇಲೆ ಬ್ರಾಹ್ಮಿಯಲ್ಲಿ ಎರಡೇ ಶಬ್ದ: ‘ರಾಯೋ ಅಸೋಕೋ’. ಅಶೋಕ ಸತ್ತು ಶತಮಾನಗಳಾದ ಮೇಲೆ ಕೆತ್ತಿದ್ದು, ಹಾಗಾಗಿ ಅವನ ಮುಖ ಹೀಗೇ ಇತ್ತು ಅಂತ ಹೇಳೋಕಾಗಲ್ಲ. ಆದರೆ ಇವನೇ ಅಶೋಕ ಅಂತ ಹೆಸರು ಬರೆದ ಹಳೆಯ ಶಿಲ್ಪ ಅಂದ್ರೆ ಮೊದಲು ನೆನಪಾಗೋದು ಇದೇ.

ಸೊಸೆ ನೋಟ್‌ಬುಕ್ ತೆಗೆದು ಆ ಅಕ್ಷರಗಳನ್ನು ಬರ್ಕೊಂಡಳು. ನಾವು ಅಲ್ಲಿದ್ದ ಎರಡು ತಾಸಿನಲ್ಲಿ ಇನ್ನೊಂದು ಗಾಡಿ ಬರಲಿಲ್ಲ.

ಗುಮ್ಮಟ, ಕಾಡು

ಅವಳನ್ನು ಮನೆ ಸೇರಿಸಿ ಕಲಬುರಗಿಗೆ ಬಂದೆ. ರೈಲಿಗೆ ಇನ್ನೂ ಒಂದೂವರೆ ದಿನ ಇತ್ತು. ಸೇಡಂ ರಸ್ತೆಯಲ್ಲಿರೋ ಸರ್ಕಾರಿ ವಸ್ತುಸಂಗ್ರಹಾಲಯ ಇರೋದೇ 14ನೇ ಶತಮಾನದ ಎರಡು ಗುಮ್ಮಟಗಳಲ್ಲಿ. ಸನ್ನತಿಯ ಶಿಲ್ಪಗಳು ಇಲ್ಲೂ ಇವೆ. ಬಹಮನಿಗಳ ಕಟ್ಟಡದೊಳಗೆ ಬೌದ್ಧರ ಕಲ್ಲು. ಬೇಸಿಗೆಯಲ್ಲೂ ಒಳಗೆ ತಂಪಾಗಿರೋ ದಪ್ಪ ಗೋಡೆ. ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೂ ಬಿಡಬೇಡಿ. ಸಾಮಾನ್ಯವಾಗಿ ಮಸೀದಿಯ ನಡುವೆ ಬಯಲು ಅಂಗಳ ಇರುತ್ತೆ. ಇಲ್ಲಿ ಇಡೀ ಮಸೀದಿಗೇ ಮೇಲ್ಛಾವಣಿ.

ಕೊನೆಯ ದಿನ ಭೀಮೆಯನ್ನು ಬಿಟ್ಟು ಉಲ್ಟಾ ದಿಕ್ಕಿಗೆ, ತೆಲಂಗಾಣ ಗಡಿಯ ಚಿಂಚೋಳಿಗೆ ಹೋದೆ. ‘ಕಲಬುರಗಿಯಲ್ಲಿ ಕಾಡಾ?’ ಅಂತ ಬೆಂಗಳೂರಲ್ಲಿ ಯಾರೂ ನಂಬಲ್ಲ. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿ.ಮೀ. ಅರಣ್ಯವನ್ನು ವನ್ಯಜೀವಿ ಧಾಮ ಅಂತ ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಅನ್ನೋ ಹೆಸರು ಇದರದು. ಕೆಂಪು ಮಣ್ಣು, ಎಲೆ ಉದುರಿಸೋ ಮರಗಳು, ನಡುವೆ ಚಂದ್ರಂಪಳ್ಳಿ ಜಲಾಶಯ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ. ತೋಳ, ಕತ್ತೆಕಿರುಬ, ಕೃಷ್ಣಮೃಗ, ನಾಲ್ಕು ಕೊಂಬಿನ ಹುಲ್ಲೆ ಇಲ್ಲಿಯ ನಿವಾಸಿಗಳು. ಜೀಪ್ ಸಫಾರಿಯಲ್ಲಿ ಹುಲಿ ನೋಡೋ ಆಸೆ ಇಟ್ಕೊಂಡು ಬರಬೇಡಿ. ನನಗೆ ಕಂಡದ್ದು ಒಂದಿಷ್ಟು ಗೊರಸಿನ ಗುರುತು, ನೂರಾರು ಹಕ್ಕಿ, ಅಷ್ಟೇ. ಅಷ್ಟಕ್ಕೇ ಹೊಟ್ಟೆ ತುಂಬಿತು.

ಸ್ಟಂಪ್ ಆದ ಕಲ್ಲು

ರೈಲಿನಲ್ಲಿ ಪದೇ ಪದೇ ನೆನಪಾಗಿದ್ದು ಸನ್ನತಿಯ ಆ ಗೂಡು. ಕೊರೆದವರು ಕೆಟ್ಟವರಲ್ಲ. ಓದೋಕೆ ಬಾರದ ಅಕ್ಷರ, ಗಟ್ಟಿಯಾದ ಚಪ್ಪಡಿ, ದೇವಿಗೆ ಪೀಠ ಬೇಕಿತ್ತು, ಅಷ್ಟೇ. ನಮ್ಮ ಊರ ಹಣಮಪ್ಪನ ಗುಡಿ ಮುಂದೆ ಒಂದು ವೀರಗಲ್ಲಿದೆ. ಹತ್ತು ವರ್ಷ ಅದೇ ನಮ್ಮ ಕ್ರಿಕೆಟ್ ಸ್ಟಂಪು. ಟೆನಿಸ್ ಬಾಲ್ ಬಡಿದಾಗೆಲ್ಲ ‘ಔಟ್’ ಅಂತ ಕೂಗ್ತಿದ್ವಿ. ಕಲ್ಲಿನ ಮೇಲೆ ಕುದುರೆ ಏರಿದವನು ಯಾರು, ಯಾವ ಊರು ಉಳಿಸೋಕೆ ಸತ್ತ ಅಂತ ಒಬ್ಬನೂ ಕೇಳಲಿಲ್ಲ. ಓದು ಬಾರದವರು ಒಂದು ಗೂಡು ಕೊರೆದರು. ಇಂಜಿನಿಯರಿಂಗ್ ಓದಿದ ನಾನು ‘ನೋಡೋಕೆ ಏನೂ ಇಲ್ಲ’ ಅಂತ ಇಡೀ ಜಿಲ್ಲೆಯನ್ನೇ ಅಳಿಸಿಬಿಟ್ಟಿದ್ದೆ.

ಹೋಗೋರಿಗೆ ನಾಲ್ಕು ಮಾತು. ಆಗಸ್ಟ್‌ನಿಂದ ಜನವರಿ ಒಳ್ಳೆ ಕಾಲ. ಏಪ್ರಿಲ್, ಮೇ ಬೇಡವೇ ಬೇಡ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕಲಬುರಗಿ. ಸನ್ನತಿಗೆ ಹತ್ತಿರದ ರೈಲು ನಿಲ್ದಾಣ ನಾಲವಾರ, ಆದರೆ ಬಾಡಿಗೆ ಗಾಡಿ ಇದ್ದರೆ ಅನುಕೂಲ. ಸನ್ನತಿ, ಚಿಂಚೋಳಿ ಎರಡು ಕಡೆಗೂ ನೀರು, ಬುತ್ತಿ ಜೊತೆಗಿರಲಿ. ಕಲ್ಲುಗಳ ಮೇಲೆ ಹತ್ತಿ ಫೋಟೊ ತೆಗೆಯಬೇಡಿ. ಕಾಡಿಗೆ ಹೋಗೋ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಮುಂದಿನ ಲಾಂಗ್ ವೀಕೆಂಡಿಗೆ ಊಟದ ಟೇಬಲ್‌ನಿಂದ ನಾಲ್ಕು ಜನ ನನ್ನ ಜೊತೆ ಬರ್ತಿದ್ದಾರೆ. ಗೈಡ್ ಈಗಾಗಲೇ ಫಿಕ್ಸ್ ಆಗಿದ್ದಾಳೆ. ಎಂಟನೇ ಕ್ಲಾಸು, ಜೇವರ್ಗಿ.