ಚರ್ಚಿನ ಗಂಟೆ, ಕೋಡಿಮಠದ ಊಟ

ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ‘ಮಧ್ಯಯುಗದ ಯೂರೋಪಿನಲ್ಲಿ ಚರ್ಚಿನ ಪಾತ್ರ’ ಎಂಬ ಪಾಠ ಬಂದಾಗ ನಮ್ಮ ಮಕ್ಕಳು ಮಾಡುವ ಕೆಲಸ ಒಂದೇ. ಐದು ಅಂಶಗಳನ್ನು ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಬರೆದು ಮರೆಯುವುದು. ಹೊನ್ನಾಳಿಯಲ್ಲೋ ಜಗಳೂರಿನಲ್ಲೋ ಕುಳಿತು ಓದುವ ಹುಡುಗನಿಗೆ ಪೋಪ್, ಬಿಷಪ್, ಪ್ಯಾರಿಷ್ ಎಂಬ ಹೆಸರುಗಳು ಬೇರೆ ಲೋಕದವು ಎನ್ನಿಸುವುದು ಸಹಜ. ಪಕ್ಕದಲ್ಲಿ ಕುಳಿತ ಅಪ್ಪನಿಗೂ ಇದರಿಂದ ನಮಗೇನು ಎಂಬ ಸಂಶಯ ಬರದೆ ಇರುವುದಿಲ್ಲ.

ಆದರೆ ಈ ಪಾಠದ ಅರ್ಥ ಹುಡುಕಲು ರೋಮಿಗೆ ಹೋಗಬೇಕಾಗಿಲ್ಲ. ನ್ಯಾಮತಿಯಿಂದ ಶಿಕಾರಿಪುರದ ಬಸ್ಸು ಹತ್ತಿ, ಅಲ್ಲಿಂದ ಸುಮಾರು 20 ಕಿ.ಮೀ. ಮುಂದೆ ಹೋದರೆ ಸಾಕು. ಅಲ್ಲಿ ಬಳ್ಳಿಗಾವಿ ಇದೆ. ಅಲ್ಲಿನ ಕೆರೆಯ ಕೋಡಿಯ ಬಳಿ ಕೇದಾರೇಶ್ವರ ದೇವಾಲಯವಿದೆ. ಎಂಟೂವರೆ ಶತಮಾನಗಳ ಹಿಂದೆ ಅಲ್ಲೊಂದು ಮಠವಿತ್ತು. ಜನ ಅದನ್ನು ಕೋಡಿಯ ಮಠ ಎಂದೇ ಕರೆಯುತ್ತಿದ್ದರು.

ಮೊದಲು ಚರ್ಚಿನ ಮಾತನ್ನೇ ನೋಡೋಣ.

ಗಡಿಯಾರವೂ ಅದೇ, ಆಸ್ಪತ್ರೆಯೂ ಅದೇ

ಮಧ್ಯಯುಗದ ಯೂರೋಪಿನ ರೈತನೊಬ್ಬನ ಬದುಕನ್ನು ಊಹಿಸಿಕೊಳ್ಳಿ. ಹುಟ್ಟಿದ ಕೆಲವೇ ದಿನಗಳಲ್ಲಿ ಅವನಿಗೆ ಚರ್ಚಿನಲ್ಲಿ ದೀಕ್ಷಾಸ್ನಾನವಾಗುತ್ತದೆ, ಹೆಸರು ಸಿಗುತ್ತದೆ. ಮದುವೆಗೆ ಪಾದ್ರಿಯ ಆಶೀರ್ವಾದ ಬೇಕು. ಸತ್ತರೆ ಚರ್ಚಿನ ಅಂಗಳದಲ್ಲೇ ಮಣ್ಣು. ಅವನ ಮನೆಯಲ್ಲಿ ಗಡಿಯಾರವಿಲ್ಲ. ಗಂಟೆಯ ಸದ್ದೇ ಹೊತ್ತು ತಿಳಿಸುತ್ತದೆ. ಶುಕ್ರವಾರ ಮಾಂಸ ತಿನ್ನುವಂತಿಲ್ಲ, ಈಸ್ಟರಿಗೆ ಮುಂಚಿನ 40 ದಿನ ವ್ರತ. ನಮ್ಮಲ್ಲಿ ಹಲವು ಮನೆಗಳಲ್ಲಿ ಶ್ರಾವಣ ಮಾಸ ಕಳೆಯುವವರೆಗೆ ಮಾಂಸ ಮುಟ್ಟುವುದಿಲ್ಲವಲ್ಲ, ಹಾಗೆ. ಇಂಗ್ಲೆಂಡಿನಲ್ಲಿ ಗೇಣಿ ಸಲ್ಲಿಸುವ ಗಡುವುಗಳಲ್ಲಿ ಒಂದು ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬ. ನಮ್ಮ ಕಡೆ ಸಂಬಳದಾಳಿನ ಲೆಕ್ಕ ಯುಗಾದಿಯಿಂದ ಯುಗಾದಿಗೆ ನಡೆಯುತ್ತಿದ್ದುದನ್ನು ಹಿರಿಯರು ಬಲ್ಲರು.

ಓದು ಕಲಿಯಬೇಕೆಂದರೆ ಸನ್ಯಾಸಿಗಳ ಮಠಕ್ಕೋ ದೊಡ್ಡ ಚರ್ಚಿನ ಶಾಲೆಗೋ ಹೋಗಬೇಕು. ಪ್ಯಾರಿಸ್ಸಿನ ವಿಶ್ವವಿದ್ಯಾಲಯ ಬೆಳೆದದ್ದು ಇಂಥ ಚರ್ಚ್ ಶಾಲೆಯಿಂದಲೇ. ರೋಗ ಬಂದರೂ ಅಲ್ಲಿಗೇ ಹೋಗಬೇಕು. ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆ 1123ರಲ್ಲಿ ಒಂದು ಕ್ರೈಸ್ತ ಮಠದ ಜೊತೆಯಲ್ಲಿ ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ. ತಪ್ಪು ಮಾಡಿ ಓಡಿಬಂದವನು ಇಂಗ್ಲೆಂಡಿನ ಚರ್ಚಿನ ಬಾಗಿಲೊಳಗೆ ಕಾಲಿಟ್ಟರೆ 40 ದಿನ ಅವನನ್ನು ಹಿಡಿಯುವಂತಿರಲಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ? ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲು ಚರ್ಚಿಗೆ. ಧಾನ್ಯವಷ್ಟೇ ಅಲ್ಲ, ಕುರಿಮರಿ, ಉಣ್ಣೆ, ಕೋಳಿಮೊಟ್ಟೆಗೂ ಇದೇ ಲೆಕ್ಕ. ಅದನ್ನು ತುಂಬಿಡಲು ಕಟ್ಟಿದ ದೊಡ್ಡ ದೊಡ್ಡ ಕಣಜಗಳು ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂದಿಗೂ ಉಳಿದಿವೆ.

ಬಾಗಿಲಿಗೆ ಬೀಗ ಬಿದ್ದಾಗ

ಚರ್ಚು ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ತಿಳಿದದ್ದು ಅದು ಮುಚ್ಚಿದಾಗ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಯಾರಾಗಬೇಕು ಎಂಬ ಬಗ್ಗೆ ಇಂಗ್ಲೆಂಡಿನ ದೊರೆ ಜಾನ್‌ಗೂ ಪೋಪ್ ಮೂರನೆಯ ಇನ್ನೊಸೆಂಟ್‌ಗೂ ಜಗಳ ಹತ್ತಿತು. 1208ರಲ್ಲಿ ಪೋಪ್ ಇಡೀ ದೇಶದ ಮೇಲೆ ಧಾರ್ಮಿಕ ನಿಷೇಧ ಹೇರಿದ. 1214ರವರೆಗೆ, ಅಂದರೆ ಆರು ವರ್ಷ, ಚರ್ಚುಗಳಲ್ಲಿ ಎಂದಿನ ಪೂಜೆಯಿಲ್ಲ, ಗಂಟೆಯ ನಾದವಿಲ್ಲ. ಶಿಶುಗಳ ದೀಕ್ಷಾಸ್ನಾನಕ್ಕೆ, ಸಾಯುವವರ ಕೊನೆಯ ತಪ್ಪೊಪ್ಪಿಗೆಗೆ ಮಾತ್ರ ವಿನಾಯಿತಿ. ಸತ್ತವರನ್ನು ಪವಿತ್ರ ನೆಲದಲ್ಲಿ ಹೂಳುವಂತಿಲ್ಲ. ಹೊಲದ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಹೂಳಬೇಕಾಯಿತು. ಜಗಳ ದೊರೆಯದು, ದುಃಖ ಬಡವರದು.

ಕಲ್ಲು ಹೇಳುವ ಪಟ್ಟಿ

ಈಗ ಬಳ್ಳಿಗಾವಿಗೆ ಬನ್ನಿ. ಅದು ಬನವಾಸಿ ಹನ್ನೆರಡು ಸಾಸಿರ ಎಂಬ ದೊಡ್ಡ ನಾಡಿನ ರಾಜಧಾನಿಯಾಗಿದ್ದ ಊರು. 1162ರಲ್ಲಿ ಕಳಚೂರಿ ದೊರೆ ಬಿಜ್ಜಳ ಅಲ್ಲಿ ಬೀಡುಬಿಟ್ಟಿದ್ದ. ಕೋಡಿಯ ಮಠಕ್ಕೆ ದತ್ತಿ ಬಿಟ್ಟ ಸಂದರ್ಭದಲ್ಲಿ ಬರೆಸಿದ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಒಂದೊಂದಾಗಿ ಹೇಳುತ್ತದೆ. ಆ ಮಠ ಕಾಳಾಮುಖ ಶೈವರದು.

ಅಲ್ಲಿ ನಾಲ್ಕು ವೇದಗಳ ಓದು ಇತ್ತು. ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಪುರಾಣ, ಕಾವ್ಯ, ನಾಟಕಗಳ ಪಾಠವಿತ್ತು. ಶೈವ ಮಠವಾದರೂ ಬೌದ್ಧ ದರ್ಶನವನ್ನು ಪಾಠದಿಂದ ಹೊರಗಿಟ್ಟಿರಲಿಲ್ಲ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿತ್ತು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಎಲೆ ಹಾಕುತ್ತಿದ್ದರು. ಬೇರೆ ಬೇರೆ ಪಂಥದ ಸನ್ಯಾಸಿಗಳಿಗೆ, ಜೈನ ಕ್ಷಪಣಕರಿಗೂ ಊಟವಿತ್ತು. ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಕೊನೆಗೆ, ಅದು ಸಕಲ ಜೀವಿಗಳಿಗೂ ಅಭಯ ನೀಡುವ ತಾಣ ಎಂದು ಶಾಸನ ಹೊಗಳುತ್ತದೆ.

ಶಾಲೆ, ಆಸ್ಪತ್ರೆ, ಅನ್ನಛತ್ರ, ಆಶ್ರಯ. ಲಂಡನ್ನಿನಲ್ಲಿ ಚರ್ಚು ಮಾಡುತ್ತಿದ್ದ ಕೆಲಸವನ್ನೇ ಅದೇ ಶತಮಾನದಲ್ಲಿ ನಮ್ಮ ನೆರೆಯ ಊರಿನ ಮಠ ಮಾಡುತ್ತಿತ್ತು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಸರ್ಕಾರವೆಂದರೆ ಯುದ್ಧ ಮತ್ತು ಕಂದಾಯ ಎಂದಷ್ಟೇ ಇದ್ದ ಕಾಲದಲ್ಲಿ ಉಳಿದ ಭಾರವೆಲ್ಲ ದೇವರ ಮನೆಯ ಮೇಲೆಯೇ ಬೀಳುತ್ತಿತ್ತು.

ಖರ್ಚಿನ ದಾರಿಯೂ ಹೆಚ್ಚು ಬೇರೆಯಲ್ಲ. ದೇವರ ಅಂಗಭೋಗ, ರಂಗಭೋಗಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ, ತಪಸ್ವಿಗಳ ಆಹಾರದಾನ, ವಿದ್ಯಾದಾನಕ್ಕೆ ಎಂದು ಭೂಮಿ ಬಿಡುವ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಾಣಿಗರಿಂದ ಎಣ್ಣೆ, ವರ್ತಕರಿಂದ ಸುಂಕದ ಪಾಲು. ದಾನಕ್ಕೆ ಗ್ರಹಣವೋ ಸಂಕ್ರಾಂತಿಯೋ ಬರಬೇಕು. ಕೊನೆಯಲ್ಲಿ, ಈ ದತ್ತಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ! ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಆವರಣದಲ್ಲಿ ನಿಂತರೆ ಇಂಥ ಶಾಸನಗಳನ್ನು ಕಣ್ಣಾರೆ ಕಾಣಬಹುದು.

ನಮ್ಮ ಬೀಗ

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಪಶ್ಚಿಮ ಯೂರೋಪಿನ ಚರ್ಚಿಗೆ ರೋಮಿನಲ್ಲಿ ಒಬ್ಬ ಯಜಮಾನನಿದ್ದ. ನಮ್ಮಲ್ಲಿ ಹಾಗಿರಲಿಲ್ಲ. ಬಳ್ಳಿಗಾವಿಯೊಂದರಲ್ಲೇ ಶೈವ, ವೈಷ್ಣವ, ಜೈನ ನೆಲೆಗಳಿದ್ದವು. 1065ರ ಹೊತ್ತಿಗೆ ಬೌದ್ಧ ವಿಹಾರವೊಂದೂ ಎದ್ದಿತ್ತು. ಎಲ್ಲ ಬಾಗಿಲುಗಳಿಗೂ ಒಂದೇ ದಿನ ಬೀಗ ಹಾಕುವ ಅಧಿಕಾರ ಇಲ್ಲಿ ಯಾರಿಗೂ ಇರಲಿಲ್ಲ.

ಹಾಗೆಂದು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ಅಲ್ಲಿ ಆರು ವರ್ಷ ಇಡೀ ದೇಶಕ್ಕೆ ಬಾಗಿಲು ಮುಚ್ಚಿತು. ನಮ್ಮಲ್ಲಿ ಕೆಲವರಿಗೆ ಗುಡಿಯ ಬಾಗಿಲು ಶತಮಾನಗಳ ಕಾಲ ಮುಚ್ಚಿಯೇ ಇತ್ತು. ಹೊಲದಲ್ಲಿ ದುಡಿದು ದೇವರ ಕಣಜ ತುಂಬಿದ ಕೈಗಳೇ ದೇವರಿಗೆ ಮೈಲಿಗೆಯಾದವು. ಆ ಓದಿನ ಪಟ್ಟಿ ಎಷ್ಟೇ ಉದ್ದವಿದ್ದರೂ ದುಡಿಯುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಂಥ ಓದು ಬಲು ದೂರವೇ ಇತ್ತು.

ಈ ಪ್ರಶ್ನೆಯನ್ನು ಎತ್ತಿದವರೂ ಅದೇ ನೆಲದವರು, ಅದೇ ಕಾಲದವರು ಎಂಬುದು ಚರಿತ್ರೆಯ ಸ್ವಾರಸ್ಯ. ಅಲ್ಲಮಪ್ರಭುವಿನ ಊರು ಈ ಬಳ್ಳಿಗಾವಿಯೇ. ಅಕ್ಕಮಹಾದೇವಿಯ ಉಡುತಡಿ ಅದೇ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಕೋಡಿಯ ಮಠದ ಶಾಸನದಲ್ಲಿ ಬರುವ ಬಿಜ್ಜಳನ ಆಳ್ವಿಕೆಯಲ್ಲೇ ಬಸವಣ್ಣನವರು ಅಧಿಕಾರದಲ್ಲಿದ್ದರು. ದೇಹವೇ ದೇಗುಲ, ದುಡಿಮೆಯೇ ಪೂಜೆ, ದುಡಿದದ್ದನ್ನು ಹಂಚುವುದೇ ದಾಸೋಹ ಎಂದು ಶರಣರು ತಿಳಿಸಿದರು. ಉಣ್ಣುವವನ ಕುಲ ಕೇಳಬಾರದು ಎಂದರು. ಯೂರೋಪಿನಲ್ಲಿ ಮಾರ್ಟಿನ್ ಲೂಥರ್ ಚರ್ಚನ್ನು ಪ್ರಶ್ನಿಸಿದ್ದು ಇದಾದ ಮೂರೂವರೆ ಶತಮಾನಗಳ ನಂತರ, 1517ರಲ್ಲಿ.

ಮನೆಗೊಂದು ಲೆಕ್ಕ

ಆ ಕಥೆ ಮುಗಿದಿಲ್ಲ. ಹೊನ್ನಾಳಿಯ ಹಿರೇಕಲ್ಮಠ, ಚನ್ನಗಿರಿ ತಾಲ್ಲೂಕಿನ ಪಾಂಡೋಮಟ್ಟಿ ವಿರಕ್ತಮಠ, ಜಗಳೂರಿನ ಕಡೆಯ ಕಣ್ವಕುಪ್ಪೆ ಗವಿಮಠಗಳ ಹೆಸರು ಕೇಳದವರು ಈ ಭಾಗದಲ್ಲಿ ಕಡಿಮೆ. ಸಿರಿಗೆರೆಯಂಥ ಮಠಗಳ ಶಾಲೆ, ಹಾಸ್ಟೆಲುಗಳಲ್ಲಿ ಉಂಡು ಓದಿ ಮುಂದೆ ಬಂದವರು ನಮ್ಮ ಹಳ್ಳಿ ಹಳ್ಳಿಯಲ್ಲಿದ್ದಾರೆ. ಆ ಋಣ ದೊಡ್ಡದು.

ಆದರೆ ಋಣ ಬೇರೆ, ಹಕ್ಕು ಬೇರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿತು. 2009ರ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕೆಂದು ಸಾರಿತು. ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ಎಲ್ಲೆಡೆ ಹರಡಿದ ಶಾಲಾ ಬಿಸಿಯೂಟದ ಹೆಸರನ್ನೇ ನೋಡಿ: ಅಕ್ಷರ ದಾಸೋಹ. ಕೋಡಿಯ ಮಠದ ಓದು ಮತ್ತು ಅನ್ನ, ಶರಣರ ದಾಸೋಹ, ಎಲ್ಲವೂ ಆ ಎರಡು ಪದಗಳಲ್ಲಿವೆ. ಒಂದೇ ವ್ಯತ್ಯಾಸ. ದತ್ತಿಯನ್ನು ದಾನಿಯ ಮನಸ್ಸು ನಡೆಸುತ್ತದೆ. ಹಕ್ಕನ್ನು ಮಗು ತಾನೇ ಕೇಳಿ ಪಡೆಯಬಹುದು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವನ್ನು ನೀನು ಯಾರವನು ಎಂದು ಯಾರೂ ಕೇಳುವಂತಿಲ್ಲ. ಎಲ್ಲಿಯಾದರೂ ಕೇಳಿದರೆ, ಹಳೆಯ ಬೀಗ ಅಲ್ಲಿ ಇನ್ನೂ ಇದೆ ಎಂದೇ ಅರ್ಥ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿ. ಸಾಧ್ಯವಾಗದಿದ್ದರೆ ನಿಮ್ಮೂರ ಗುಡಿಯ ಮುಂದೆ ನಿಂತ ಶಾಸನದ ಕಲ್ಲಿನ ಬಳಿಗಾದರೂ ಹೋಗಿ, ತಿಳಿದವರಿಂದ ಓದಿಸಿ. ಮೂರು ಪ್ರಶ್ನೆ ಕೇಳಲು ಮಕ್ಕಳಿಗೆ ಹೇಳಿ: ಕೊಟ್ಟವರು ಯಾರು? ಪಡೆದವರು ಯಾರು? ಯಾರ ದುಡಿಮೆಯಿಂದ ಕೊಟ್ಟರು? ಈ ಮೂರಕ್ಕೆ ಉತ್ತರ ಹುಡುಕಿದ ವಿದ್ಯಾರ್ಥಿಗೆ ಮಧ್ಯಯುಗದ ಚರ್ಚಿನ ಪಾತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.