ನೌಕರಿ ಬಿಡುವ ಮುನ್ನ ವೀಸಾ ಓದಿರಿ

ಕಳೆದ ಮಳೆಗಾಲದ ಒಂದು ಸಂಜೆ ಜತ್ತ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ಮಿರಜದ ನನ್ನ ಕಚೇರಿಗೆ ಬಂದರು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಜೀವಮಾನವಿಡೀ ಪಾಠ ಹೇಳಿದವರು. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ, ಮುಂದೆ ಇಂಗ್ಲಿಷಿನಲ್ಲಿ ಎಂ.ಎ. ಮತ್ತು ಬಿ.ಎಡ್. ಮುಗಿಸಿ, ದುಬೈಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದರು. ಹೇಳಿದ ಸಂಬಳವೇ ಬೇರೆ, ಕೈಗೆ ಬರುತ್ತಿದ್ದ ಸಂಬಳವೇ ಬೇರೆ. ಬೇಸತ್ತ ಆಕೆ, ರಜೆಗೆಂದು ಊರಿಗೆ ಬಂದು ಮರಳಿ ಹೋಗದೆ ಉಳಿದುಬಿಡುವುದೆಂದು ನಿಶ್ಚಯಿಸಿದ್ದರು. ತಂದೆಯದು ಒಂದೇ ಪ್ರಶ್ನೆ: “ವಕೀಲ ಸಾಹೇಬ್ರ, ಹಿಂಗ ಬಿಟ್ಟು ಬಂದ್ರ ನಾಳೆ ಆಕೀಗೆ ಏನಾದ್ರೂ ತೊಂದ್ರಿ ಆಗ್ತದೇನ್ರಿ?”

ತೊಂದರೆ ಆಗುವ ಸಂಭವವಿತ್ತು. ಅದನ್ನು ತಪ್ಪಿಸುವ ನೇರ ದಾರಿಯೂ ಇತ್ತು. ಆ ದಿನ ಅವರಿಗೆ ಹೇಳಿದ್ದನ್ನೇ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನಮ್ಮ ಭಾಗದ ಎಲ್ಲ ಪಾಲಕರಿಗೂ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಸಾಂಗ್ಲಿಯಲ್ಲಿ ಒಬ್ಬ ಶಿಕ್ಷಕ ರಾಜೀನಾಮೆ ಕೊಟ್ಟರೆ ಸಂಬಳ ನಿಲ್ಲುತ್ತದೆ, ಅಷ್ಟೇ. ಮರುದಿನ ಅವನು ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಮುಂದಿನದನ್ನು ಯೋಚಿಸಬಹುದು. ಪರದೇಶದಲ್ಲಿ ಹಾಗಲ್ಲ. ಅಲ್ಲಿ ನೌಕರಿಯನ್ನೂ ವಾಸವನ್ನೂ ಒಂದೇ ಗೂಟಕ್ಕೆ ಕಟ್ಟಿರುತ್ತಾರೆ. ನೌಕರಿ ಬಿಡುವ ಹಕ್ಕು ಒಂದು, ಆ ದೇಶದಲ್ಲಿ ಉಳಿಯುವ ಅನುಮತಿ ಇನ್ನೊಂದು. ಮೊದಲನೆಯದು ಒಪ್ಪಂದದಿಂದ ಬರುತ್ತದೆ, ಎರಡನೆಯದು ವೀಸಾದಿಂದ. ಎರಡೂ ಮುಗಿಯುವ ದಿನಾಂಕಗಳನ್ನು ತಿಳಿಯದೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬಾರದು.

ಸಂಯುಕ್ತ ಅರಬ್ ಎಮಿರೇಟ್ಸ್‌ನ ಖಾಸಗಿ ಉದ್ಯೋಗಗಳಿಗೆ 2021ರ 33ನೆಯ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. ಅದು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರಂತೆ ನೌಕರಿ ಬಿಡುವವರು ಒಪ್ಪಂದದಲ್ಲಿ ಬರೆದಷ್ಟು ದಿನ, ಅಂದರೆ 30ರಿಂದ 90 ದಿನಗಳ ಪೂರ್ವಸೂಚನೆ ಕೊಡಬೇಕು. ಪ್ರಾಯೋಗಿಕ ಅವಧಿ 6 ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿ ಬಿಟ್ಟು ದೇಶ ತೊರೆಯುವವರು 14 ದಿನಗಳ, ಅಲ್ಲಿಯೇ ಬೇರೆ ಕಡೆ ಸೇರುವವರು ಒಂದು ತಿಂಗಳ ಸೂಚನೆ ಕೊಡಬೇಕು. ಸೂಚನೆಯಿಲ್ಲದೆ ಸತತ 7 ದಿನ ಗೈರುಹಾಜರಾದರೆ ಮಾಲೀಕರು ಸರಕಾರಕ್ಕೆ ವರದಿ ಮಾಡಬಹುದು. ಕಾನೂನುಬಾಹಿರವಾಗಿ ಕೆಲಸ ಬಿಟ್ಟರೆಂದು ಸಿದ್ಧವಾದರೆ ಒಂದು ವರ್ಷ ಆ ದೇಶದಲ್ಲಿ ಹೊಸ ಕೆಲಸದ ಪರವಾನಗಿ ಸಿಗದು. ರಜೆಗೆ ಬಂದು ಊರಲ್ಲಿಯೇ ಉಳಿದುಬಿಡುವುದು ಸುಲಭದ ದಾರಿಯಂತೆ ಕಂಡರೂ, ಕಾನೂನಿನ ಕಣ್ಣಿಗೆ ಅದು ಗೈರುಹಾಜರಿಯೇ.

ಕ್ರಮಬದ್ಧವಾಗಿ ಬಿಟ್ಟವರ ಸ್ಥಿತಿಯೇ ಬೇರೆ. ಪೂರ್ವಸೂಚನೆಯ ಅವಧಿ ಮುಗಿದ ಮೇಲೆ ಮಾಲೀಕರು ವೀಸಾ ರದ್ದುಗೊಳಿಸುತ್ತಾರೆ. ಅಂದಿನಿಂದ, ವೀಸಾದ ವರ್ಗಕ್ಕೆ ತಕ್ಕಂತೆ, 30ರಿಂದ 180 ದಿನಗಳವರೆಗೆ ಉಳಿಯಲು ಅವಕಾಶವಿರುತ್ತದೆ. ನಿಮಗೆ ಎಷ್ಟು ದಿನ ಎಂಬುದನ್ನು ರದ್ದತಿಯ ಕಾಗದದಲ್ಲಿಯೇ ನೋಡಿಕೊಳ್ಳಬೇಕು. ಅಷ್ಟರೊಳಗೆ ಹೊಸ ಶಾಲೆ ಸೇರಿ ಹೊಸ ಪರವಾನಗಿ ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಮೀರಿದರೆ ದಿನಕ್ಕೆ 50 ದಿರ್ಹಾಮ್ ದಂಡ.

ಬರಬೇಕಾದ ಹಣವನ್ನೂ ಬಿಟ್ಟು ಬರಬೇಕಾಗಿಲ್ಲ. ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷಗಳ ಸೇವೆಗೆ, ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಉಪಧನ ಸಲ್ಲಬೇಕು. ಒಪ್ಪಂದ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯನ್ನೂ ತೀರಿಸಬೇಕು. ನೌಕರರ ಪಾಸ್‌ಪೋರ್ಟನ್ನು ಮಾಲೀಕರು ತಮ್ಮಲ್ಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟು ಭಾರತ ಸರಕಾರದ ಸ್ವತ್ತು. ಅದನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಅಧಿಕಾರ ಯಾವ ಶಾಲೆಗೂ ಇಲ್ಲ. ಒಪ್ಪಿದ ಸಂಬಳ ಕೊಡದಿದ್ದರೆ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಬಹುದು.

ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಜಪಾನಿನಲ್ಲಿ ಭಾಷಾ ಶಿಕ್ಷಕರು ಕೆಲಸ ಬಿಟ್ಟ 14 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ನಿವಾಸ ಪತ್ರದ ಅವಧಿ ಇನ್ನೂ ಎರಡು ವರ್ಷ ಉಳಿದಿದ್ದರೂ, ಯೋಗ್ಯ ಕಾರಣವಿಲ್ಲದೆ ಮೂರು ತಿಂಗಳು ಆ ವೃತ್ತಿಯಲ್ಲಿ ತೊಡಗದಿದ್ದರೆ ಅದನ್ನು ರದ್ದುಗೊಳಿಸಬಹುದು. ಸರಕಾರಿ ಶಾಲೆಯಲ್ಲಿ ಕಲಿಸುವವರ ನಿವಾಸ ವರ್ಗ ಬೇರೆ, ಖಾಸಗಿ ಭಾಷಾ ಶಾಲೆಯವರದು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಮೊದಲು ವರ್ಗ ಬದಲಿಸಿಕೊಳ್ಳಬೇಕು. ಅಮೆರಿಕದಲ್ಲಿ ಎಚ್-1ಬಿ ವೀಸಾದವರಿಗೆ, 2017ರ ಜನವರಿಯಲ್ಲಿ ಬಂದ ನಿಯಮದಂತೆ, ಹೆಚ್ಚೆಂದರೆ 60 ದಿನಗಳ ಕಾಲಾವಕಾಶವಿದೆ. ಅನುಮತಿಯ ಅವಧಿ ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಅಷ್ಟೇ ದಿನ. ವಿನಿಮಯ ಶಿಕ್ಷಕರಾಗಿ ಜೆ-1 ವೀಸಾದಲ್ಲಿ ಹೋದವರಿಗೆ ಸಿಗುವ 30 ದಿನಗಳು ಕಾರ್ಯಕ್ರಮವನ್ನು ಪೂರ್ಣಗೊಳಿಸಿದವರಿಗೆ ಮಾತ್ರ. ನಡುವೆಯೇ ಬಿಟ್ಟವರು ಅವನ್ನು ನಂಬಿ ಕೂರುವಂತಿಲ್ಲ.

ಇಲ್ಲಿ ನಮ್ಮ ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ಮುಂತಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ನೆಪದಲ್ಲಾದರೂ ಅವರ ಒಪ್ಪಂದದ ಮೇಲೆ ಸರಕಾರದ ಕಣ್ಣು ಬೀಳುತ್ತದೆ. ಹತ್ತನೆಯ ತರಗತಿ ಪಾಸಾದವರಿಗೆ, ಅವರು ಕನ್ನಡ ಮಾಧ್ಯಮದವರಾದರೂ, ಆ ಅನುಮತಿ ಬೇಕಾಗಿಲ್ಲ. ಇದು ಸೌಕರ್ಯವೇ ಸರಿ. ಆದರೆ ಓದಿದವರ ಒಪ್ಪಂದವನ್ನು ಓದಿದವರೇ ಓದಿಕೊಳ್ಳಬೇಕೆಂಬುದು ಇದರ ಇನ್ನೊಂದು ಅರ್ಥ. ಏಜೆಂಟರ ಮೂಲಕ ಹೋಗುವುದಾದರೆ ಅವರು ನೋಂದಾಯಿತರೇ ಎಂಬುದನ್ನು ಭಾರತ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬೇಕು. ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಸಂಕಟ ಬಂದಾಗ ಭಾರತೀಯ ದೂತಾವಾಸವಿದೆ, ವಿದೇಶಾಂಗ ಸಚಿವಾಲಯದ ‘ಮದದ್’ ದೂರು ವ್ಯವಸ್ಥೆಯಿದೆ.

ಆ ಗುರುಗಳು ಅಂದು ರಾತ್ರಿ ಮಗಳಿಗೆ ಫೋನು ಮಾಡಿ ಒಪ್ಪಂದದ ಒಂದೊಂದೇ ಕಲಮನ್ನು ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡರು. ಪೂರ್ವಸೂಚನೆ ಎರಡು ತಿಂಗಳೆಂದು ಆಗಲೇ ತಂದೆ-ಮಗಳಿಬ್ಬರಿಗೂ ತಿಳಿದದ್ದು. ಎರಡು ವರ್ಷ ಅಲ್ಲಿ ದುಡಿದ ಆಕೆ, ಸಹಿ ಹಾಕಿದ ಕಾಗದವನ್ನು ಪೂರ್ತಿಯಾಗಿ ಓದಿರಲಿಲ್ಲ. ತರುವಾಯ ಲಿಖಿತ ರಾಜೀನಾಮೆ ಕೊಟ್ಟು, ಸ್ವೀಕೃತಿ ಪಡೆದು, ಅವಧಿ ಮುಗಿಸಿ, ಬಾಕಿ ಹಣದೊಂದಿಗೆ ಊರಿಗೆ ಬಂದರು. ಮುಂದೆ ಮತ್ತೆ ಹೋಗಬೇಕೆನಿಸಿದರೆ ಬಾಗಿಲು ತೆರೆದೇ ಇದೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮಗ ಅಥವಾ ಮಗಳು ಪರದೇಶಕ್ಕೆ ಹೊರಟಾಗ ಒಪ್ಪಂದ, ವೀಸಾ, ಪಾಸ್‌ಪೋರ್ಟುಗಳ ಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಪೂರ್ವಸೂಚನೆ ಎಷ್ಟು ದಿನ, ನೌಕರಿ ಬಿಟ್ಟ ಮೇಲೆ ಉಳಿಯಲು ಎಷ್ಟು ದಿನ, ಮರಳುವ ಟಿಕೇಟಿನ ಖರ್ಚು ಯಾರದು ಎಂದು ಹೊರಡುವ ಮೊದಲೇ ಕೇಳಿರಿ. ನಿಯಮಗಳು ಆಗಾಗ ಬದಲಾಗುತ್ತವೆ, ರಾಜೀನಾಮೆಯ ಹೊತ್ತಿಗೆ ಮತ್ತೊಮ್ಮೆ ವಿಚಾರಿಸಿರಿ. ಇಂಗ್ಲಿಷಿನ ಕಾಗದವೆಂದು ಅಂಜಿ ದೂರ ಸರಿಯಬೇಡಿರಿ. ಅದನ್ನು ಕನ್ನಡದಲ್ಲಿ ವಿವರಿಸಿ ಹೇಳೆಂದು ಮಕ್ಕಳನ್ನೇ ಕೇಳಿರಿ. ಅವರಿಗೆ ವಿವರಿಸಲು ಬಾರದ ಕಲಮು ಅವರಿಗೂ ತಿಳಿದಿಲ್ಲವೆಂದೇ ಅರ್ಥ. ಅಲ್ಲಿಗೆ ಸಹಿಯನ್ನು ತಡೆದು, ತಿಳಿದವರನ್ನು ಕೇಳಲು ಕಳುಹಿಸಿರಿ.