ಹರೆಯದ ನಾಯಿ ಅಪರಿಚಿತರ ಮೇಲೆ ಎಗರುತ್ತಿದೆಯೇ? ಕೋಲು ಬಿಡಿ, ದೂರ ಅಳೆಯಿರಿ

ತೋಟಕ್ಕೆ ಒಂದು ನಾಯಿ ಬೇಕೇ ಬೇಕು. ಹಂದಿ ಬಂದರೂ, ಕೋತಿ ಬಂದರೂ, ರಾತ್ರಿ ಪಂಪ್‌ಸೆಟ್ ಕೇಬಲ್ ಕದಿಯುವವರು ಬಂದರೂ ಮೊದಲು ಗೊತ್ತಾಗೋದು ಅದಕ್ಕೇ. ಆದರೆ ಮರಿಯಾಗಿದ್ದಾಗ ಬಂದವರ ಕಾಲೆಲ್ಲ ನೆಕ್ಕುತ್ತಿದ್ದ ಅದೇ ನಾಯಿ ಏಳೆಂಟು ತಿಂಗಳಾಗುತ್ತಲೇ ಬದಲಾಗುವುದುಂಟು. ಲೈನ್‌ಮನ್ ಕಂಡರೆ ಹಲ್ಲು ತೋರಿಸುತ್ತೆ, ಕಾಯಿ ಕೀಳುವವರು ಬಂದರೆ ಸರಪಳಿ ಕಿತ್ತು ಹೋಗುವ ಹಾಗೆ ಎಗರುತ್ತೆ.

"ಒಳ್ಳೇ ಜೋರು ನಾಯಿ" ಅಂತ ಮೊದಲ ವಾರ ಮನೆಯವರಿಗೂ ಖುಷಿ. ಆಮೇಲೆ ಕೂಲಿಗೆ ಬರುವ ಹೆಂಗಸರು "ನಾಯಿ ಕಟ್ಟಿದೀರಾ?" ಅಂತ ಫೋನ್ ಮಾಡಿ ಕೇಳಿಯೇ ಹೊರಡ್ತಾರೆ. ಕೆಲವರು ಬರೋದನ್ನೇ ಬಿಡ್ತಾರೆ. ನೇರ ಮಾರಾಟ ಮಾಡುವ ನಮ್ಮಂಥವರಿಗೆ ಗ್ರಾಹಕರು ತೋಟಕ್ಕೆ ಬಂದು ನೋಡೋದೇ ದೊಡ್ಡ ಬಂಡವಾಳ. ಒಂದೇ ಒಂದು ಸಲ ಯಾರಿಗಾದರೂ, ಅದರಲ್ಲೂ ಮಗುವಿಗೆ ಕಚ್ಚಿತೋ, ಮುಗೀತು. ನಾಯಿಯನ್ನು ದೂರ ಎಲ್ಲೋ ಬಿಟ್ಟು ಬರೋದು ಅಥವಾ ಬದುಕಿಡೀ ಕಟ್ಟಿ ಹಾಕೋದು, ಇವೆರಡೇ ದಾರಿ ಕಾಣುತ್ತವೆ. ಅಲ್ಲಿಗೆ ಹೋಗುವ ಮೊದಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಈ ವಯಸ್ಸಲ್ಲೇ ಯಾಕೆ?

ನಾಯಿಗೆ ಸುಮಾರು 6 ತಿಂಗಳಿಂದ ಒಂದೂವರೆ ವರ್ಷದವರೆಗೆ ಹರೆಯ. ಮೈ ದೊಡ್ಡದಾಗಿರುತ್ತೆ, ಬುದ್ಧಿ ಇನ್ನೂ ಹದಕ್ಕೆ ಬಂದಿರಲ್ಲ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 5 ತಿಂಗಳಲ್ಲಿ ಸಾಕಿದವರ ಮಾತು ಕೇಳುತ್ತಿದ್ದ ನಾಯಿಗಳು 8 ತಿಂಗಳಲ್ಲಿ ಅದೇ ಮಾತಿಗೆ ಕಿವಿಗೊಡುವುದು ಕಡಿಮೆಯಾಗಿತ್ತು. ವಯಸ್ಸು ಕಳೆದಂತೆ ಮತ್ತೆ ಸರಿಹೋಯಿತು. ಅಂದರೆ "ಹೇಳಿದ ಮಾತು ಕೇಳ್ತಿಲ್ಲ" ಅನ್ನೋದು ನಿಮ್ಮ ನಾಯಿಯೊಂದರ ಕತೆಯಲ್ಲ.

ಇನ್ನೊಂದು ಕಾರಣ ಇನ್ನೂ ಹಿಂದಿನದು. ಮರಿಗೆ ಹೊಸ ಮನುಷ್ಯರನ್ನು, ಹೊಸ ಸದ್ದುಗಳನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ 3ರಿಂದ 12–14 ವಾರ ಮಾತ್ರ. ಊರಾಚೆಯ ತೋಟದಲ್ಲಿ ಬೆಳೆದ ಮರಿ ಆ ಹೊತ್ತಿನಲ್ಲಿ ಮನೆಯ ನಾಲ್ಕು ಜನರನ್ನು ಬಿಟ್ಟು ಇನ್ಯಾರನ್ನೂ ನೋಡಿರಲ್ಲ. ಹೆಲ್ಮೆಟ್ ಹಾಕಿದವರು, ಬೆನ್ನಿಗೆ ಸ್ಪ್ರೇಯರ್ ಕಟ್ಟಿದವರು, ಮಳೆಗೆ ಗೋಣಿಕೊಪ್ಪೆ ಹೊದ್ದವರು ಅದರ ಕಣ್ಣಿಗೆ ಮನುಷ್ಯರಾಗಿ ಕಾಣೋದೇ ಇಲ್ಲ. ಮುಧೋಳದಂಥ ಬೇಟೆ ತಳಿಯಾದರೆ ಹೊಸಬರಿಂದ ದೂರ ಇರೋದು ಹುಟ್ಟುಗುಣ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗೋದೂ ರಕ್ತದಲ್ಲೇ ಇದೆ.

ಕಾವಲು ಬೇರೆ, ಭಯ ಬೇರೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನಿಡಿ: ಹರೆಯದ ನಾಯಿ ಅಪರಿಚಿತರ ಮೇಲೆ ಎಗರೋದು ಹೆಚ್ಚಿನ ಸಲ ಧೈರ್ಯದಿಂದಲ್ಲ, ಭಯದಿಂದ.

ಅದರ ಲೆಕ್ಕ ನೋಡಿ. ಕೊರಿಯರ್‌ನವನು ಬಂದ, ನಾಯಿಗೆ ಹೆದರಿಕೆ ಆಯ್ತು, ಬೊಗಳಿತು. ಕೊರಿಯರ್‌ನವನು ಪೊಟ್ಟಣ ಕೊಟ್ಟು ಹೊರಟ. ಅವನು ಕೆಲಸ ಮುಗಿಸಿ ಹೋದದ್ದು ನಾಯಿಗೆ ಗೊತ್ತಾಗಲ್ಲ. "ನಾನು ಬೊಗಳಿದೆ, ಅವನು ಓಡಿದ" ಅಂತಲೇ ಅದರ ತಿಳುವಳಿಕೆ. ದಿನಾ ಹೀಗೆ ಗೆಲ್ಲುತ್ತಾ ಹೋದ ನಾಯಿ ಮುಂದಿನ ತಿಂಗಳು ಇನ್ನೂ ಹತ್ತಿರ ನುಗ್ಗುತ್ತೆ.

ಒಳ್ಳೇ ಕಾವಲು ನಾಯಿ ಬೊಗಳಿ ಸುದ್ದಿ ಮುಟ್ಟಿಸುತ್ತೆ. ಯಜಮಾನ ಬಂದು "ಸಾಕು" ಅಂದರೆ ಸುಮ್ಮನಾಗುತ್ತೆ. ಹೆದರಿದ ನಾಯಿಗೆ ಆ "ಸಾಕು" ಕೇಳಿಸೋದೇ ಇಲ್ಲ. ಅದರ ಮೈ ನೋಡಿದರೆ ತಿಳಿಯುತ್ತೆ. ಕಿವಿ ಹಿಂದಕ್ಕೆ ಅಂಟಿರುತ್ತೆ, ಬಾಲ ಕೆಳಗಿರುತ್ತೆ, ಬೆನ್ನ ಮೇಲಿನ ಕೂದಲು ನಿಂತಿರುತ್ತೆ. ಸುಮ್ಮಸುಮ್ಮನೆ ಆಕಳಿಸುತ್ತೆ, ಮೂತಿ ನೆಕ್ಕಿಕೊಳ್ಳುತ್ತೆ, ಒಂದು ಹೆಜ್ಜೆ ಮುಂದೆ ಬಂದು ಎರಡು ಹೆಜ್ಜೆ ಹಿಂದೆ ಹೋಗುತ್ತೆ. ಎಲ್ಲಕ್ಕಿಂತ ಅಪಾಯದ ಲಕ್ಷಣ ಅಂದರೆ, ಬೊಗಳುತ್ತಿದ್ದದ್ದು ಒಮ್ಮೆಲೇ ಮೈ ಸೆಟೆದು ಕಲ್ಲಿನ ಹಾಗೆ ನಿಲ್ಲೋದು.

ಮೊದಲು ಸುರಕ್ಷತೆ

ಕಲಿಸೋದು ಆಮೇಲೆ. ಕಚ್ಚೋದಕ್ಕೆ ಅವಕಾಶವೇ ಸಿಗದ ಹಾಗೆ ಈ ವಾರವೇ ಏರ್ಪಾಡು ಮಾಡಿ.

• ನಾಯಿಯ ಜಾಗ ಗೇಟಿನ ಪಕ್ಕ ಬೇಡ. ಬಂದು ಹೋಗುವವರು ಕಾಣದ ಕಡೆ, ನೆರಳಲ್ಲಿ ಇರಲಿ.
• ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟಬೇಡಿ. ಓಡಿಹೋಗಲು ದಾರಿ ಇಲ್ಲ ಅಂತ ಗೊತ್ತಾದ ನಾಯಿಗೆ ಉಳಿಯೋದು ಕಚ್ಚೋದೊಂದೇ. ಜಾಗ ಇದ್ದರೆ ಮೆಷ್ ಹಾಕಿ ಅಂಗಳದಂಥ ಆವರಣ ಮಾಡಿ. ಇಲ್ಲವಾದರೆ ಎರಡು ಕಂಬದ ನಡುವೆ ತಂತಿ ಎಳೆದು, ಅದರ ಉದ್ದಕ್ಕೂ ಸರಪಳಿ ಜಾರುವ ಹಾಗೆ ಮಾಡಿ.
• ಕೂಲಿಯವರು ಬರುವ ಹೊತ್ತು, ಹಾಲಿನ ಹೊತ್ತು ಗೊತ್ತೇ ಇರುತ್ತೆ. ಹತ್ತು ನಿಮಿಷ ಮೊದಲೇ ನಾಯಿಯನ್ನು ಒಳಗೆ ಬಿಡಿ.
• ಎತ್ತಿಗೆ ಕುಕ್ಕೆ ಹಾಕುವ ಹಾಗೆ ನಾಯಿಗೂ ಬಾಯಿಕುಕ್ಕೆ ಸಿಗುತ್ತೆ, ಅಂಗಡಿಯಲ್ಲಿ ಮಜಲ್ ಅಂತಾರೆ. ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗುವ ಬುಟ್ಟಿಯಾಕಾರದ್ದನ್ನೇ ಕೊಳ್ಳಿ. ಮನೆಯಲ್ಲೇ ತಿಂಡಿ ಕೊಡುತ್ತಾ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿ.

ದೂರ ಮತ್ತು ತಿಂಡಿ

ನೆರಳುಮನೆಯಲ್ಲಿ ಬೆಳೆದ ಸಸಿಯನ್ನು ತಂದ ದಿನವೇ ಬಯಲಿಗೆ ನೆಡಲ್ಲ ಅಲ್ವಾ? ನೀರು ಕಡಿಮೆ ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿಲು ತೋರಿಸಿ ಗಟ್ಟಿ ಮಾಡ್ತೀವಿ. ನಾಯಿಗೂ ಅದೇ ಸೂತ್ರ. ಅಪರಿಚಿತರನ್ನು ಸ್ವಲ್ಪ ಸ್ವಲ್ಪವೇ, ತಡೆದುಕೊಳ್ಳುವಷ್ಟೇ ತೋರಿಸಬೇಕು.

1. ನಾಯಿಗೆ ಎದೆಪಟ್ಟಿ ಹಾಕಿ, ಗಟ್ಟಿ ಹಗ್ಗ ಹಿಡಿಯಿರಿ. ಪರಿಚಯದವರ ಪೈಕಿ ನಾಯಿಗೆ ಗೊತ್ತಿಲ್ಲದ ಒಬ್ಬರನ್ನು ದೂರದಲ್ಲಿ ನಿಲ್ಲಿಸಿ. ನಾಯಿ ಅವರನ್ನು ನೋಡಬೇಕು, ಆದರೆ ಬೊಗಳಬಾರದು. ಅದೇ ನಿಮ್ಮ ಶುರುವಿನ ದೂರ. ಅಳೆಯೋಕೆ ಟೇಪ್ ಬೇಡ, ತೆಂಗಿನ ಸಾಲು ಸಾಕು. ಮರದಿಂದ ಮರಕ್ಕೆ 25–30 ಅಡಿ ಇದ್ದೇ ಇರುತ್ತೆ.
2. ಆ ವ್ಯಕ್ತಿ ಕಂಡ ಕೂಡಲೇ ನೀವು ತಿಂಡಿ ಕೊಡಿ. ಅವರು ಮರೆಯಾದ ಕೂಡಲೇ ನಿಲ್ಲಿಸಿ. ಮೊದಲು ಮನುಷ್ಯ, ಆಮೇಲೆ ತಿಂಡಿ, ಈ ಕ್ರಮ ತಪ್ಪಬಾರದು.
3. ಇದಕ್ಕೆ ದಿನದ ಮುದ್ದೆ, ಅನ್ನ ಸಾಲದು. ಬೇಯಿಸಿದ ಮೊಟ್ಟೆ, ಕೋಳಿ ಈಲಿ, ಹೀಗೆ ನಾಯಿ ಪ್ರಾಣ ಬಿಡುವಂಥದ್ದು ಬೇಕು. ಕಡಲೆ ಗಾತ್ರದ ಚೂರು ಸಾಕು.
4. ಒಂದು ಸಲಕ್ಕೆ 5ರಿಂದ 10 ನಿಮಿಷ. ಮೂರ್ನಾಲ್ಕು ದಿನ ಸಲೀಸಾಗಿ ನಡೆದರೆ ನಾಲ್ಕೈದು ಅಡಿ ಹತ್ತಿರ ಬನ್ನಿ. ಬೊಗಳಿದರೆ ಬೈಯಬೇಡಿ, ದೂರ ಹೆಚ್ಚಿಸಿ.
5. ಬಂದವರು ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಕೈ ಚಾಚಬಾರದು, ತಾವೇ ತಿಂಡಿ ಕೊಡಲೂ ಬಾರದು. ತಿಂಡಿ ಆಸೆಗೆ ಹತ್ತಿರ ಬಂದ ನಾಯಿ ಅಲ್ಲಿ ಗಾಬರಿಯಾಗಿ ಕಚ್ಚಬಹುದು.

ನಮ್ಮ ತೋಟದ ನಾಟಿ ನಾಯಿ ಚುಕ್ಕಿಗೆ 9 ತಿಂಗಳಿದ್ದಾಗ ಡೈರಿಗೆ ಹಾಲು ಒಯ್ಯುವ ಹುಡುಗನನ್ನು ಕಂಡರೆ ಆಗುತ್ತಿರಲಿಲ್ಲ. ಮೂರು ದಿನ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನೋಡಿದಾಗ ತಿಳಿದದ್ದು, ಅವನು ಹೆಲ್ಮೆಟ್ ತೆಗೆದಾಗ ಅವಳ ಬೊಗಳು ಅರ್ಧಕ್ಕಿಳಿಯುತ್ತಿತ್ತು. ಹೆಲ್ಮೆಟ್ ಇಲ್ಲದೆ ಮೂರು ಮರದ ದೂರದಿಂದ ಶುರು ಮಾಡಿದೆವು, ಎರಡು ತಿಂಗಳಲ್ಲಿ ಹೆಲ್ಮೆಟ್ ಹಾಕಿಕೊಂಡೇ ಒಂದು ಮರದ ದೂರಕ್ಕೆ ಬಂದ. ಇವತ್ತಿಗೂ ಅವಳು ಅವನ ಕೈಯಿಂದ ಮುಟ್ಟಿಸಿಕೊಳ್ಳಲ್ಲ. ಮುಟ್ಟಿಸಿಕೊಳ್ಳುವ ಅಗತ್ಯವೂ ಇಲ್ಲ. ಅವನು ನಿಶ್ಚಿಂತೆಯಿಂದ ಬಂದು ಹೋದರೆ ಆಯ್ತು.

ಇವನ್ನು ಮಾಡಲೇಬೇಡಿ

ಹೊಡೆಯಬೇಡಿ. ಅಪರಿಚಿತರು ಬಂದಾಗೆಲ್ಲ ಏಟು ಬಿದ್ದರೆ "ಇವರು ಬಂದರೆ ನನಗೆ ನೋವು" ಅಂತ ನಾಯಿ ಕಲಿಯುತ್ತೆ, ದ್ವೇಷ ಇಮ್ಮಡಿಯಾಗುತ್ತೆ. ಗುರ್ ಅಂದಿದ್ದಕ್ಕೆ ಶಿಕ್ಷೆ ಕೊಡಬೇಡಿ, ಅದು ಎಚ್ಚರಿಕೆಯ ಗಂಟೆ. ಗಂಟೆ ಕಿತ್ತು ಹಾಕಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ. "ಅಭ್ಯಾಸ ಆಗ್ಲಿ" ಅಂತ ಹಿಡಿದುಕೊಂಡು ಬಂದವರಿಂದ ಬಲವಂತವಾಗಿ ತಲೆ ಸವರಿಸಬೇಡಿ. ತಮಾಷೆಗೆ "ಛೂ" ಬಿಡುವ ಹುಡುಗರನ್ನಂತೂ ಖಡಾಖಂಡಿತ ನಿಲ್ಲಿಸಿ.

ಪಶುವೈದ್ಯರಿಗೆ ಯಾವಾಗ ತೋರಿಸಬೇಕು?

ನಿನ್ನೆವರೆಗೆ ಸರಿಯಿದ್ದ ನಾಯಿ ದಿಢೀರನೆ ಸಿಡುಕಿದರೆ ಕಿವಿ ಸೋಂಕು, ಉಣ್ಣೆಯಿಂದ ಬರುವ ಜ್ವರ, ಗಾಯ ಏನಾದರೂ ಇರಬಹುದು. ನೋವಿರುವ ನಾಯಿಗೆ ಯಾವ ತರಬೇತಿಯೂ ನಾಟಲ್ಲ. ಸಂತಾನಹರಣ ಮಾಡಿಸಿದರೆ ಅಲೆದಾಟ ಕಡಿಮೆಯಾಗಬಹುದು, ಆದರೆ ಭಯ ಅದರಿಂದ ಹೋಗಲ್ಲ. ಯಾವಾಗ ಮಾಡಿಸಬೇಕು ಅಂತ ವೈದ್ಯರನ್ನೇ ಕೇಳಿ. ನಡವಳಿಕೆ ಬದಲಾದ ಜೊತೆಗೆ ಜೊಲ್ಲು ಸುರಿಯೋದು, ನುಂಗಲಾಗದಿರೋದು, ತೂರಾಡೋದು ಕಂಡರೆ ಹತ್ತಿರ ಹೋಗಬೇಡಿ, ರೇಬೀಸ್ ಇರಬಹುದು. ಪಶು ಆಸ್ಪತ್ರೆಗೆ ತಕ್ಷಣ ತಿಳಿಸಿ. ಮೂರು ತಿಂಗಳ ಮರಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಪ್ರತಿ ವರ್ಷ ಹಾಕಿಸಿ.

ಒಂದು ವೇಳೆ ಕಚ್ಚಿದರೆ

ಗಾಯ ಚಿಕ್ಕದಿದ್ದರೂ, ನಾಯಿಗೆ ಲಸಿಕೆ ಆಗಿದ್ದರೂ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ವೈದ್ಯರು ಹೇಳಿದ ಅಷ್ಟೂ ಡೋಸ್ ಮುಗಿಸಿ. ನಾಯಿಯನ್ನು ಕಟ್ಟಿ 10 ದಿನ ಗಮನಿಸಿ. ಆದರೆ ಆ ಹತ್ತು ದಿನ ಕಾದು ನೋಡೋಣ ಅಂತ ಚುಚ್ಚುಮದ್ದು ಮುಂದೂಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕೋದು ಇಲ್ಲವೆನ್ನುವಷ್ಟು ಅಪರೂಪ.

ಕಾನೂನೂ ಗೊತ್ತಿರಲಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಗಂತ ಸದಾ ಕಟ್ಟಿ ಹಾಕೋದೂ ಪರಿಹಾರವಲ್ಲ. ಯಾವಾಗಲೂ ಕಟ್ಟಿರುವ ನಾಯಿಯನ್ನು ಓಡಾಡಿಸದೇ ಇರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಇವತ್ತೇ ಮೊಬೈಲ್‌ನಲ್ಲಿ ಒಂದು ನೋಟ್ ತೆರೆಯಿರಿ. ಯಾರು ಬಂದರು, ಎಷ್ಟು ದೂರದಲ್ಲಿದ್ದರು, ನಾಯಿ ಏನು ಮಾಡಿತು ಅಂತ ದಿನಕ್ಕೆ ಮೂರು ಸಾಲು ಬರೆದಿಡಿ. ಒಂದು ವಾರದಲ್ಲಿ ನಿಮ್ಮ ನಾಯಿಗೆ ಯಾರ ಭಯ, ಎಷ್ಟು ದೂರದ ಭಯ ಅನ್ನೋದು ಕಣ್ಣಿಗೆ ಕಟ್ಟುತ್ತೆ. ಪಶುವೈದ್ಯರಿಗೆ ತೋರಿಸುವಾಗಲೂ ಅದೇ ನೋಟ್, ಅದೇ ವಿಡಿಯೋ ಕೆಲಸಕ್ಕೆ ಬರುತ್ತೆ.